ತೋಡಿಯ ಗಾಂಧಾರ ಸಿಕ್ಕ ಮನೆ

ವೀಣೆ ಕಲಿಯಲು ಹೊರಟಾಗ ನನಗೆ ಇಪ್ಪತ್ತೇಳು ವರ್ಷ. ಸಂಗೀತದ ಮೋಹದಿಂದ ಹೊರಟವಳಲ್ಲ. ಕಿವಿಯಲ್ಲಿ ಕೂತುಬಿಟ್ಟಿದ್ದ ದನಿಗಳನ್ನು ಹೇಗಾದರೂ ಆಚೆ ಕಳಿಸಬೇಕಾಗಿತ್ತು.

ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ನಾನು ದೂರದೂರಿನ ಫೋನ್ ಕರೆ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಬೆಳಿಗ್ಗೆ ಏಳಕ್ಕೆ ಹೆಡ್‌ಫೋನ್ ತಲೆಗೇರಿಸಿದರೆ ಮಧ್ಯಾಹ್ನ ಎರಡರವರೆಗೆ ಊರೂರಿನವರ ಮಾತು. ಲೈನು ಸರಿಯಾಗಿದೆಯೇ ಎಂದು ನಡುನಡುವೆ ಕೇಳಿ ನೋಡುವುದು ನಮ್ಮ ಕೆಲಸ. ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕೆಂದು ಹಿರಿಯ ಆಪರೇಟರುಗಳು ಹೇಳಿಕೊಟ್ಟಿದ್ದರು. ನನಗೆ ಅದು ಬರಲಿಲ್ಲ. ಜಯನಗರದ ಬಾಡಿಗೆ ಮನೆಗೆ ಬಂದು ತಟ್ಟೆ ಮುಂದೆ ಕೂತರೆ, ಯಾರೋ ಗಂಡಸು "ಹಲೋ, ಕೇಳಿಸ್ತಿದೆಯಾ? ಅಮ್ಮ ಹೋಗ್ಬಿಟ್ಳು ಕಣೋ" ಎಂದು ಕೂಗುತ್ತಿದ್ದ. ಆ ಕರೆ ಜೋಡಿಸಿ ಆರು ತಿಂಗಳಾಗಿತ್ತು. ಅವನ ಮುಖ ನಾನು ನೋಡಿದವಳಲ್ಲ, ಅವನ ಊರು ಕೂಡ ಮರೆತಿದ್ದೆ. ದನಿ ಮಾತ್ರ ಹೋಗಲಿಲ್ಲ.

ಡಾಕ್ಟರು ಕಿವಿಗೆ ಟಾರ್ಚು ಬಿಟ್ಟು ನೋಡಿ ಏನೂ ತೊಂದರೆಯಿಲ್ಲ ಎಂದರು. ನನ್ನ ತಾಯಿ ಮಾತ್ರ, "ಕಿವಿಗೆ ಬೇರೆ ಏನಾದ್ರೂ ಕೆಲಸ ಕೊಡು. ಖಾಲಿ ಮನೇಲಿ ತಾನೆ ಬಾವಲಿ ಸೇರ್ಕೊಳ್ಳೋದು?" ಎಂದರು. ಒಂದು ಶುಕ್ರವಾರ ಇಬ್ಬರೂ ಬನಶಂಕರಿ ಗುಡಿಗೆ ಹೋಗಿದ್ದೆವು. ಬರುವಾಗ ಬಸ್ಸು ಸಿಗದೆ ಆ ಬಡಾವಣೆಯ ಎರಡನೇ ಸ್ಟೇಜಿನ ಒಳರಸ್ತೆಗಳಲ್ಲಿ ನಡೆದುಕೊಂಡು ಬಂದೆವು. ಅಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎರಡು ಖಾಲಿ ಸೈಟುಗಳ ನಡುವೆ ಒಂಟಿಯಾಗಿ ನಿಂತಿದ್ದ ಮನೆಯೊಂದರ ಗೇಟಿಗೆ ತಗಡಿನ ಬೋರ್ಡು ನೇತುಹಾಕಿತ್ತು: ಹಾಡುಗಾರಿಕೆ, ವೀಣೆ ಕಲಿಸಲಾಗುವುದು. "ವೀಣೆ" ಎಂಬ ಪದದ ಮೇಲೆ ಯಾರೋ ಸುಣ್ಣ ಬಳಿದಿದ್ದರು. ಮಳೆಗೆ ಸುಣ್ಣ ತೊಳೆದುಹೋಗಿ ಅಕ್ಷರ ಮತ್ತೆ ಕಾಣುತ್ತಿತ್ತು.

ಬಾಗಿಲು ತೆಗೆದವರು ಅರುವತ್ತು ದಾಟಿದ, ಎತ್ತರದ, ನಿವೃತ್ತ ಸ್ಕೂಲು ಮೇಷ್ಟ್ರು. ನನ್ನ ವಯಸ್ಸು, ಕೆಲಸ ಎಲ್ಲ ವಿಚಾರಿಸಿ, "ಹಾಡುಗಾರಿಕೆ ಕಲೀತೀರಾ?" ಎಂದರು. ಹಾಡಲು ನನಗೆ ಕಂಠವಿರಲಿಲ್ಲ. ವೀಣೆ ಎಂದೆ. ಅವರು ಹಾಲಿನ ಮೂಲೆ ಕಡೆ ನೋಡಿದರು. ಅಲ್ಲಿ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿಟ್ಟ ವೀಣೆ ಗೋಡೆಗೊರಗಿತ್ತು.

"ಅದು ನನ್ನ ಮಗಳದು," ಎಂದರು. "ಅವಳಿಲ್ಲ. ಜ್ವರ ಬಂತು, ಒಂಬತ್ತು ದಿನಕ್ಕೆ ಹೋಗ್ಬಿಟ್ಳು. ಹತ್ತೊಂಬತ್ತು ವರ್ಷ. ಆರು ವರ್ಷ ಆಯ್ತು ಯಾರೂ ಮುಟ್ಟಿಲ್ಲ."

ನನ್ನ ತಾಯಿ ಎದ್ದು ನಿಂತೇಬಿಟ್ಟರು. ಮೇಷ್ಟ್ರಿಗೆ ಏನನ್ನಿಸಿತೋ, "ಗುರುವಾರ ನಾಲ್ಕು ಗಂಟೆಗೆ ಬನ್ನಿ" ಎಂದರು.

ಹೀಗೆ ಶುರುವಾಯಿತು. ಮೇಷ್ಟ್ರು ವೀಣೆ ಮುಟ್ಟುತ್ತಿರಲಿಲ್ಲ. ಎದುರಿಗೆ ಚಾಪೆ ಹಾಸಿಕೊಂಡು ಕೂತು ಹಾಡುತ್ತಿದ್ದರು, ಅದನ್ನು ನಾನು ತಂತಿಯಲ್ಲಿ ಹುಡುಕಬೇಕು. ಕಿಟಕಿಗಳನ್ನು ಸದಾ ಮುಚ್ಚಿರುತ್ತಿದ್ದರು. ಅಡುಗೆಮನೆ ಬಾಗಿಲಿಗೆ ಹಸಿರು ಪರದೆ. ಅದರ ಹಿಂದೆ ಅವರ ಹೆಂಡತಿ ಇದ್ದಾರೆಂದು ಪಾತ್ರೆ ಸದ್ದಿನಿಂದ ಗೊತ್ತಾಗುತ್ತಿತ್ತು. ಪಾಠ ಮುಗಿಯುವ ಹೊತ್ತಿಗೆ ಒಂದು ಕೈ ಪರದೆಯ ಅಡಿಯಿಂದ ಬಂದು ಎರಡು ಲೋಟ ಕಾಫಿ ಹೊಸಿಲ ಮೇಲಿಟ್ಟು ಹಿಂದೆ ಸರಿಯುತ್ತಿತ್ತು. ಮೊದಲೆರಡು ವರ್ಷ ಆ ಕೈ ಬಿಟ್ಟರೆ ಅವರನ್ನು ನಾನು ನೋಡಲಿಲ್ಲ. "ಅವಳಿಗೆ ವೀಣೆ ಶಬ್ದ ಆಗಲ್ಲ," ಎಂದು ಮೇಷ್ಟ್ರು ಒಮ್ಮೆ ಮೆಲ್ಲಗೆ ಹೇಳಿದರು. "ಮಗಳ ನೆನಪು."

ಬೆರಳು ಕುಯ್ದುಹೋದವು. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಎಡಗೈಯ ಎರಡು ಬೆರಳ ತುದಿಯಲ್ಲಿ ಕಪ್ಪು ಗೆರೆ ಮೂಡಿತು. ಡ್ಯೂಟಿಯಲ್ಲಿ ಜೊತೆಯವರು ನೋಡಿ ನಗುತ್ತಿದ್ದರು. ಇಷ್ಟಾದರೂ ನಾನು ನುಡಿಸುತ್ತಿದ್ದುದು ಟೈಪ್‌ರೈಟರ್ ಕುಟ್ಟಿದ ಹಾಗಿತ್ತು. ತಂತಿಯ ಕೆಳಗಿನ ಹಿತ್ತಾಳೆಯ ಮೆಟ್ಟಿಲುಗಳನ್ನು ಕಣ್ಣಿನಿಂದ ಎಣಿಸಿ, ಸರಿಯಾದ ಜಾಗದಲ್ಲಿ ಬೆರಳೊತ್ತಿ, ಸರಿಯಾಗಿ ಮೀಟುತ್ತಿದ್ದೆ. "ನೀವು ಜಾಗ ನೋಡ್ತಿದೀರಿ," ಎನ್ನುತ್ತಿದ್ದರು ಮೇಷ್ಟ್ರು. "ದಿನಾ ಕಿವೀಲೇ ಕೆಲಸ ಮಾಡೋರು ನೀವು. ಇಲ್ಲಿ ಬಂದು ಕೂತ್ರೆ ಕಿವಿ ಎಲ್ಲಿ ಹೋಗುತ್ತೆ?"

ಒಂದು ಡಿಸೆಂಬರಿನ ಸಂಜೆ ಪಾಠದ ನಡುವೆ ಕರೆಂಟು ಹೋಯಿತು. ಮುಚ್ಚಿದ ಕಿಟಕಿಗಳ ಆ ಕೋಣೆ ಒಮ್ಮೆಗೇ ಕಪ್ಪಾಯಿತು. ದೀಪ ತರಲು ಏಳುವರೆಂದುಕೊಂಡೆ. ಮೇಷ್ಟ್ರು ಏಳದೆ ಅಲ್ಲೇ ಕೂತು ಒಂದು ಸ್ವರ ಹಾಡಿ ನಿಲ್ಲಿಸಿದರು. ನನಗೆ ಮೆಟ್ಟಿಲು ಕಾಣುತ್ತಿರಲಿಲ್ಲ. ಕೈ ತಾನೇ ಹೋಗಿ ಇಳಿಯಿತು, ಇಳಿದ ಜಾಗದಲ್ಲಿ ಅವರ ದನಿಯೇ ಇತ್ತು. ಇನ್ನೊಂದು ಹಾಡಿದರು, ಅದೂ ಸಿಕ್ಕಿತು. ಅಷ್ಟು ದಿನ ನಾನು ಕೇಳಿಯೇ ಇರಲಿಲ್ಲವೆಂದು ಆ ಕ್ಷಣಕ್ಕೆ ಗೊತ್ತಾಯಿತು. ಬೇರೆಯವರ ಮಾತು ಸರಿಯಾಗಿ ಹೋಗುತ್ತಿದೆಯೇ ಎಂದು ಕೇಳುವುದು ಒಂದು, ನಾನು ಹೊರಡಿಸಿದ ಸದ್ದನ್ನು ನಾನೇ ಕೇಳುವುದು ಇನ್ನೊಂದು. ಎರಡನೆಯದನ್ನು ಇಪ್ಪತ್ತೆಂಟು ವರ್ಷ ನಾನು ಮಾಡಿಯೇ ಇರಲಿಲ್ಲ. ಮನೆಗೆ ಹೋಗಿ ಉಣ್ಣುವಾಗ ಆ ಗಂಡಸು ಕೂಗಲಿಲ್ಲ.

ಆ ಕತ್ತಲಲ್ಲೇ ಇನ್ನೊಂದು ಸಂಗತಿ ಬೆರಳಿಗೆ ತಗಲಿತ್ತು. ಕೆಲವು ಮೆಟ್ಟಿಲುಗಳ ಹಿತ್ತಾಳೆ ಸವೆದು ಗೀರಾಗಿತ್ತು. ತಂತಿ ಕೂರುವ ಕಡೆ ಸವೆಯುವುದು ಸಹಜ. ಇವು ಹಾಗಿರದೆ ಪಕ್ಕಕ್ಕೆ ಹೋಗಿದ್ದವು, ಯಾರೋ ತಂತಿಯನ್ನು ಒಂದೇ ಜಾಗದಲ್ಲಿ ಸಾವಿರ ಸಲ ಎಳೆದಂತೆ. ಎಲ್ಲಕ್ಕಿಂತ ಆಳವಾದ ಗೀರು ಇದ್ದುದು ರಿಷಭದ, ಅಂದರೆ 'ರಿ' ಸ್ವರದ ಮೆಟ್ಟಿಲ ಮೇಲೆ. ಹತ್ತೊಂಬತ್ತು ವರ್ಷದ ಹುಡುಗಿಯ ಬೆರಳನ್ನು ಮುಟ್ಟಿದ ಹಾಗಾಗಿ ಕೈ ಹಿಂದಕ್ಕೆಳೆದುಕೊಂಡಿದ್ದೆ.

ಮತ್ತೊಂದು ವರ್ಷ ಕಳೆದ ಮೇಲೆ ಮೇಷ್ಟ್ರು ತೋಡಿ ರಾಗಕ್ಕೆ ಕೈಹಾಕಿದರು. ಅದರ ಗಾಂಧಾರ, ಅಂದರೆ 'ಗ' ಸ್ವರ ಬರದವರಿಗೆ ತೋಡಿ ಬರುವುದಿಲ್ಲ ಎನ್ನುತ್ತಾರೆ. ಆ ಸ್ವರಕ್ಕೊಂದು ಮೆಟ್ಟಿಲಿದೆ, ಆದರೆ ಅಲ್ಲಿ ಬೆರಳಿಟ್ಟು ಮೀಟಿದರೆ ಸ್ವರ ಹೆಣದ ಹಾಗೆ ಬಿದ್ದಿರುತ್ತದೆ. ಕೆಳಗಿನ ರಿಷಭದ ಮೆಟ್ಟಿಲಲ್ಲಿ ಬೆರಳಿಟ್ಟು, ತಂತಿಯನ್ನು ಪಕ್ಕಕ್ಕೆಳೆದು, ತೂಗಿ ಅದನ್ನು ಹೊರಡಿಸಬೇಕು. ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಮೇಷ್ಟ್ರು ಬಾಯಲ್ಲಿ ಹೇಳಲಾರರು. ಹಾಡುತ್ತಿದ್ದರು, ನಾನು ತಪ್ಪುತ್ತಿದ್ದೆ. ಎರಡು ತಿಂಗಳು ಹೀಗೇ ಹೋಯಿತು.

ಒಂದು ಗುರುವಾರ ನಾನು ಹೋದಾಗ ಮೇಷ್ಟ್ರು ಡಬ್ಬ ಹಿಡಿದು ಸೀಮೆಎಣ್ಣೆ ಕ್ಯೂಗೆ ಹೊರಟಿದ್ದರು. "ಕೂತು ಸಾಧನೆ ಮಾಡ್ತಿರಿ, ಬಂದೆ" ಎಂದರು. ಮನೆಯಲ್ಲಿ ನಾನು, ಪರದೆಯ ಹಿಂದೆ ಒರಳಲ್ಲಿ ಹಿಟ್ಟು ರುಬ್ಬುವ ಸದ್ದು. ಹತ್ತಿಪ್ಪತ್ತು ಸಲ ಎಳೆದು ಬೇಸತ್ತು, ಕೊನೆಗೆ ಕಣ್ಣು ಮುಚ್ಚಿ, ಆ ಹುಡುಗಿಯ ಗೀರಿನೊಳಗೆ ತಂತಿಯನ್ನು ಕೂರಿಸಿದೆ. ಗೀರು ಹೋದಲ್ಲಿಗೆ ಬೆರಳನ್ನು ಬಿಟ್ಟೆ. ಅದು ಎಲ್ಲಿ ಮುಗಿಯಿತೋ ಅಲ್ಲಿಂದ ಹಿಂದೆ ಬಂದೆ.

ಗಾಂಧಾರ ಹುಟ್ಟಿತು. ಮೇಷ್ಟ್ರ ಗಂಟಲಿಂದ ಅಷ್ಟು ದಿನ ಕೇಳಿದ್ದರೂ ಅದು ಹಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾರೋ ಅಳುವುದನ್ನು ತಡೆದುಕೊಂಡು ಮಾತಾಡಿದ ಹಾಗೆ. ಸ್ವರವೆಂದರೆ ಒಂದು ಜಾಗವಲ್ಲ, ಎರಡು ಜಾಗಗಳ ನಡುವಿನ ದಾರಿ ಎಂಬುದು ಯಾರೂ ಹೇಳದೆ ಹೊಳೆಯಿತು. ಮತ್ತೆ ನುಡಿಸಿದೆ. ಆಗಲೇ ಒರಳಿನ ಸದ್ದು ನಿಂತಿರುವುದು ಗಮನಕ್ಕೆ ಬಂತು. ಪರದೆ ಅಲುಗಲಿಲ್ಲ. ಅದರ ಅಡಿಯಲ್ಲಿ ಹಿಟ್ಟು ಮೆತ್ತಿದ ಎರಡು ಪಾದಗಳು ಕಂಡವು.

ತಲೆಯೆತ್ತಿದರೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಡಬ್ಬ ಕೆಳಗಿಟ್ಟು, ಹೊಸಿಲ ಮೇಲೇ ಕೂತರು. "ಗೇಟಿನ ಹತ್ರ ಕೇಳಿಸ್ತು," ಎಂದರು. "ಸಾಯಂಕಾಲ ಸ್ಕೂಲಿಂದ ಬರೋವಾಗ ಹೀಗೇ ಕೇಳಿಸ್ತಿತ್ತು. ಅವಳೇ ಬಂದ ಹಾಗಾಯ್ತು ಕಣಮ್ಮ."

ಅಂದಿನಿಂದ ಅವರು ನನ್ನನ್ನು 'ನೀನು' ಎನ್ನತೊಡಗಿದರು. ಪಾಠ ಮುಂದೆ ಹೋಗಲಿಲ್ಲ. ಹೋದ ಕೂಡಲೇ "ಆ ಗಾಂಧಾರ ಒಂದ್ಸಲ ನುಡಿಸು ಮಗು" ಎಂದು ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದರು. ಮಗಳು ಕೂರುತ್ತಿದ್ದ ಮಣೆ ತಂದಿಟ್ಟರು. ನಾನು ಆ ಮಣೆ ಮೇಲೆ ಕೂತು, ಆ ಗೀರಿನಲ್ಲಿ ಬೆರಳಿಟ್ಟು, ಸತ್ತವಳ ದಾರಿಯಲ್ಲಿ ಹೋಗಿಬರುತ್ತಿದ್ದೆ. ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುವ ವೈರು ಹಿಡಿದ ಎಡಗೈ ಅದನ್ನು ಪಕ್ಕಕ್ಕೆ ಎಳೆಯುತ್ತಿರುವುದನ್ನು ಕಂಡು ನಾನೇ ಬೆಚ್ಚಿದ್ದೆ. ಕಿವಿಯ ದನಿಗಳು ಹೋಗಿದ್ದವು, ಈಗ ಕೈಯಲ್ಲೇ ಯಾರೋ ಬಂದು ಕೂತಿದ್ದರು. ಬಿಟ್ಟುಬಿಡೋಣ ಎಂದು ತಾಯಿಗೆ ಹೇಳಿದೆ. ಮೇಷ್ಟ್ರ ಮುಖ ನೆನೆದು ಗುರುವಾರ ಮತ್ತೆ ಬಸ್ಸು ಹತ್ತಿದೆ.

ಆ ದಿನ ಬಾಗಿಲು ತೆಗೆದವರು ಅವರ ಹೆಂಡತಿ. ಸಣ್ಣ ಆಳಿನ, ನೆರೆತ ಕೂದಲಿನ ಹೆಂಗಸು. "ಅವರು ಪೆನ್ಷನ್ ಆಫೀಸಿಗೆ ಹೋಗಿದಾರೆ, ಬರೋದು ಲೇಟಾಗುತ್ತೆ. ಒಳಗೆ ಬಾಮ್ಮ," ಎಂದರು. ನಾನು ವೀಣೆಯ ಮುಂದೆ ಕೂತೆ, ನುಡಿಸಲಿಲ್ಲ. ಅವರು ಅಡುಗೆಮನೆಗೆ ಹೋಗದೆ ಗೋಡೆ ಪಕ್ಕ ನಿಂತರು.

"ಯಾಕೆ, ನುಡಿಸಲ್ವಾ?"

"ಭಯ ಆಗುತ್ತಮ್ಮ," ಎಂದುಬಿಟ್ಟೆ. "ಇದು ನನ್ನ ಕೈಯಲ್ಲ. ನಿಮ್ಮ ಮಗಳ ಕೈ. ಈ ಗೀರಿದೆಯಲ್ಲ, ಅದು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗ್ತಿದೀನಿ, ಅಷ್ಟೆ."

ಅವರು ನನ್ನ ಪಕ್ಕದಲ್ಲಿ ಕೂತು, ಎಡಗೈಯನ್ನು ಮುಂದೆ ಚಾಚಿ ಬೆರಳ ತುದಿ ತೋರಿಸಿದರು. ಅಲ್ಲಿ ನನ್ನ ಬೆರಳಲ್ಲಿದ್ದಂಥದೇ ಗೆರೆ. ಕಪ್ಪು ಮಾಸಿತ್ತು, ಚರ್ಮ ಇನ್ನೂ ಗಟ್ಟಿಯಾಗಿತ್ತು.

"ಆ ಗೀರು ನಂದು," ಎಂದರು.

ವೀಣೆ ಅವರ ತಂದೆ ಮದುವೆಯಲ್ಲಿ ಕೊಟ್ಟದ್ದು. ಮದುವೆಯಾದ ಹೊಸತರಲ್ಲಿ ಗಂಡನ ಮುಂದೆ ತೋಡಿ ನುಡಿಸಿದ್ದರಂತೆ. ಮೇಷ್ಟ್ರು ಆಗ ಹುಡುಗ, ಹಾಡುಗಾರನೆಂಬ ಜಂಬ ಬೇರೆ. "ಕೈ ಇದೆ, ಜೀವ ಇಲ್ಲ ಅಂದ್ರು. ಮರೆತೂಬಿಟ್ರು. ನಾನು ಮರೀಲಿಲ್ಲ." ಅಂದಿನಿಂದ ಗಂಡನೆದುರು ವೀಣೆ ಮುಟ್ಟಲಿಲ್ಲ. ಅವರು ಸ್ಕೂಲಿಗೆ ಹೋದ ಮೇಲೆ ಪ್ರತಿದಿನ ನುಡಿಸಿದರು, ಮೂವತ್ತು ವರ್ಷ. ಗೇಟಿನ ಸದ್ದಾದರೆ ಎದ್ದು ಕಾಫಿಗೆ ನೀರಿಡುತ್ತಿದ್ದರು. ಒಂದು ಸಂಜೆ ಮೇಷ್ಟ್ರು ಬೇಗ ಬಂದು ಗೇಟಿನಾಚೆಯೇ ನಿಂತು ಕೇಳಿದರು. ಒಳಗೆ ಬಂದಾಗ ಹೆಂಡತಿ ಎದ್ದು ಅಡುಗೆಮನೆ ಬಾಗಿಲಲ್ಲಿದ್ದರು, ವೀಣೆಯ ಪಕ್ಕ ಮಗಳಿದ್ದಳು.

"ಎಷ್ಟು ಜೀವ ಇದೆಯೇ ನಿನ್ನ ಕೈಯಲ್ಲಿ ಅಂತ ಅವಳ ತಲೆ ಸವರಿದ್ರು. ಅವಳು ನನ್ನ ಮುಖ ನೋಡಿ ನಕ್ಕು, ನಾನೇ ಅಪ್ಪ ಅಂದ್ಳು. ಆಮೇಲೆ ಅಡುಗೆಮನೆಗೆ ಬಂದು, ಸುಮ್ನಿರಮ್ಮ, ಯುಗಾದಿ ದಿನ ಹೇಳೋಣ, ಅಪ್ಪನ ಮುಖ ನೋಡೋ ಹಾಗಿರುತ್ತೆ ಅಂದ್ಳು. ನೀವೆದುರಿಗಿದ್ರೆ ಭಯ ಅಂತ ಅಪ್ಪನ್ನ ಆಚೆ ಕೂರ್ಸೋಳು, ಒಳಗೆ ನನ್ನನ್ನ ನುಡಿಸೋಕೆ ಕೂರ್ಸೋಳು. ಎರಡು ತಿಂಗಳು ಈ ಆಟ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಯುಗಾದಿ ಬರೋದ್ರೊಳಗೆ ಹೋಗ್ಬಿಟ್ಳು."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲಮ್ಮ?"

"ಹೇಗೆ ಹೇಳ್ಲಿ? ಅವಳದು ಅಂತ ಅವರ ಹತ್ರ ಉಳಿದಿರೋದು ಅದೊಂದೇ. ಅದನ್ನೂ ನಾನು ಕಿತ್ಕೊಳ್ಲಾ? ನುಡಿಸಿದ್ರೆ ಗೊತ್ತಾಗುತ್ತೆ. ಅದಕ್ಕೇ ಬಿಟ್ಟೆ. ಬೋರ್ಡಿಗೆ ಸುಣ್ಣ ಬಳಿದೋಳೂ ನಾನೇ."

ನನ್ನನ್ನು ಹೆದರಿಸಿದ್ದ ಕೈ ಸತ್ತವಳದಲ್ಲ. ಎರಡು ವರ್ಷದಿಂದ ಹೊಸಿಲ ಮೇಲೆ ಕಾಫಿ ಇಡುತ್ತಿದ್ದ ಕೈ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಆ ಮುಚ್ಚಿದ ಕಿಟಕಿಗಳ ನಡುವೆ ಬದುಕಿದ್ದೂ ಇಲ್ಲವಾಗಿ ಹೋದವರನ್ನು ಮುಖಾಮುಖಿ ನೋಡಿದ ಹಾಗಾಗಿ ಇನ್ನಷ್ಟು ಭಯವಾಯಿತು.

ಅವರು ವೀಣೆ ನುಡಿಸಲಿಲ್ಲ. ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು, "ನೀನು ಎಳೆಯೋದನ್ನ ಮಾತ್ರ ಕಲ್ತಿದೀಯ," ಎಂದರು. "ಗೀರು ಅಷ್ಟನ್ನೇ ಹೇಳುತ್ತೆ. ತುದಿಗೆ ಹೋಗಿ ಕೂರ್ಬೇಡ. ವಾಪಸ್ ಬರ್ತೀಯಲ್ಲ, ಆಗ ಕೇಳು. ಗಾಂಧಾರ ಇರೋದು ಬರೋವಾಗ." ಅವರ ಬೆರಳು ನನ್ನದನ್ನು ಎಳೆಯಿತು, ಆಮೇಲೆ ನಿಧಾನವಾಗಿ, ಮನಸ್ಸಿಲ್ಲದವರ ಹಾಗೆ ಹಿಂದೆ ಬಿಟ್ಟುಕೊಟ್ಟಿತು. ಹೋಗುವಾಗ ಕೇಳಿಸದೇ ಇದ್ದದ್ದು ಬರುವಾಗ ಕೇಳಿಸಿತು. ಎರಡು ವರ್ಷದ ಪಾಠಕ್ಕಿಂತ ಆ ಒಂದು ಗಳಿಗೆ ದೊಡ್ಡದು. ಇವತ್ತಿಗೂ ನನಗೆ ಸಂಗೀತದಲ್ಲಿ ಗೊತ್ತಿರುವುದು ಅಷ್ಟೇ ಎಂದರೂ ತಪ್ಪಲ್ಲ.

ಮೇಷ್ಟ್ರಿಗೆ ಹೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡು ಕಳಿಸಿದರು.

ಮುಂದಿನ ಗುರುವಾರ ಅದೇ ಗಾಂಧಾರವನ್ನು ಹೊಸ ತಿಳಿವಳಿಕೆಯಲ್ಲಿ ನುಡಿಸಿದೆ. ಆಗಬಾರದ್ದು ಆಯಿತು. ಈಗ ಅದು ಮೊದಲಿಗಿಂತ ಹೆಚ್ಚಾಗಿ, ಪೂರಾ ಅವರು ಗೇಟಿನಲ್ಲಿ ಕೇಳುತ್ತಿದ್ದ ತೋಡಿಯೇ ಆಗಿತ್ತು. ಮೇಷ್ಟ್ರ ಕಣ್ಣಿಂದ ನೀರು ಸುರಿಯಿತು. ಕಣ್ಣು ಮುಚ್ಚಿಕೊಂಡೇ ಅವರು ಮಗಳ ಹೆಸರು ಹಿಡಿದು ಕರೆದರು. ನನ್ನನ್ನೇ ಕರೆದರು.

ನಾನು "ಹ್ಞೂಂ ಅಪ್ಪ" ಎಂದೆ.

ಯಾಕೆ ಹಾಗೆಂದೆನೋ ತಿಳಿಯದು. ಸಾವಿರ ಕರೆಗಳಿಗೆ ಓಗೊಟ್ಟ ಬಾಯಿ, ಇದಕ್ಕೂ ಓಗೊಟ್ಟಿತು. ಆ ದನಿ ನನ್ನದೆಂದೇ ಅನಿಸಲಿಲ್ಲ. ಮನೆಯಲ್ಲಿ ಯಾರೋ ನಾಲ್ಕನೆಯವರು ಇದ್ದರು.

ಪರದೆ ಸರಿಯಿತು. ನಾನು ಅಮ್ಮ ಎನ್ನುತ್ತಿದ್ದ ಮೇಷ್ಟ್ರ ಹೆಂಡತಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನೇರ ಬಂದರು. "ಏಳಮ್ಮ," ಎಂದರು ನನಗೆ. "ಬದುಕಿರೋ ಹುಡುಗಿ ನೀನು. ಹಾಗೆಲ್ಲ ಓಗೊಡಬಾರದು."

ನಾನು ಎದ್ದೆ. ಅವರು ಮಣೆಯನ್ನು ಪಕ್ಕಕ್ಕೆ ಸರಿಸಿ, ಬರಿ ನೆಲದ ಮೇಲೆ ಕೂತು, ವೀಣೆಯನ್ನು ತೊಡೆಗೆಳೆದುಕೊಂಡರು. ಮೇಷ್ಟ್ರು "ಏನು ಮಾಡ್ತಿದೀಯೇ?" ಎನ್ನುತ್ತಿದ್ದ ಹಾಗೇ ಮೀಟಿದರು. ವರ್ಷಗಳಿಂದ ನುಡಿಸದ ಕೈ ಮೊದಲು ತಡವರಿಸಿತು. ಆಮೇಲೆ ತೋಡಿ ಬಂತು. ನಾನು ಅಷ್ಟು ದಿನ ನುಡಿಸಿದ್ದು ಅದರ ನೆರಳು ಮಾತ್ರ.

ಮೇಷ್ಟ್ರು ಮೂರು ನಾಲ್ಕು ನಿಮಿಷ ಕೇಳಿದರು. ನಂತರ ಎದ್ದು, ಬಾಗಿಲು ತೆರೆದು, ಹೊರಗಿನ ಜಗಲಿಯ ಮೇಲೆ ನಮಗೆ ಬೆನ್ನು ಹಾಕಿ ಕೂತರು. ಅಮ್ಮ ನಿಲ್ಲಿಸಲಿಲ್ಲ. ಒಳಗೆ ಅವರು ನುಡಿಸುತ್ತಲೇ ಇದ್ದರು, ಹೊರಗೆ ಆ ಬೆನ್ನು ಅಲುಗಾಡದೆ ಇತ್ತು. ನಾನು ಚಪ್ಪಲಿ ಮೆಟ್ಟಿ ಅವರ ಪಕ್ಕದಲ್ಲೇ ದಾಟಿ ಹೋದರೂ ಅವರು ತಲೆಯೆತ್ತಲಿಲ್ಲ.

ಎರಡು ವಾರ ಹೋಗಲಿಲ್ಲ. ಮೂರನೆಯ ವಾರ ಧೈರ್ಯ ಮಾಡಿ ಹೋದಾಗ ಮೇಷ್ಟ್ರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಒಳಗೆ ಹೋಗಿ. ಇನ್ನು ಅವಳೇ ಹೇಳ್ಕೊಡ್ತಾಳೆ," ಎಂದರು. ಮತ್ತೆ 'ನೀವು' ಆಗಿದ್ದೆ. ಹಾಲಿನ ಕಿಟಕಿಗಳು ತೆರೆದಿದ್ದವು. ಗಂಡ ಹೆಂಡತಿ ನಡುವೆ ಆ ಮೂರು ವಾರ ಏನು ಮಾತಾಯಿತೋ ನನಗೆ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ. ಅಮ್ಮ ಬಿಗಿಯಾದ ಗುರು. ಒಂದು ಸಾಲನ್ನು ನೂರು ಸಲ ನುಡಿಸದೆ ಬಿಡುತ್ತಿರಲಿಲ್ಲ.

ಒಂದೆರಡು ತಿಂಗಳ ಮೇಲೆ, ಪಾಠ ಮುಗಿಸಿ ಹೊರಟ ನನ್ನ ಜೊತೆ ಮೇಷ್ಟ್ರು ಗೇಟಿನವರೆಗೆ ಬಂದರು.

"ನಿಮಗೇನಾದ್ರೂ ಹೇಳಿದಾಳಾ? ನಮ್ಮ ಮಗಳು ನಿಜವಾಗ್ಲೂ ಏನೂ ನುಡಿಸ್ತಿರಲಿಲ್ವಾ?"

"ನನಗೆ ಗೊತ್ತಿಲ್ಲ ಮೇಷ್ಟ್ರೇ."

ಅವರು ಗೇಟಿನ ಚಿಲಕವನ್ನು ಹಾಕಿ ತೆಗೆದು ಮಾಡಿದರು. "ಎಂಟು ವರ್ಷ ಅವಳ ಕೈ ನನ್ನ ಕಿವೀಲಿದೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಅವಳ ಕೈ ಹೇಗಿತ್ತು ಅಂತಲೇ ನನಗೆ ಗೊತ್ತಿಲ್ಲ."

ಆ ವಾರವಿಡೀ ಅವರ ಮಾತು ನನ್ನ ಬೆನ್ನು ಬಿಡಲಿಲ್ಲ. ಮುಂದಿನ ಗುರುವಾರ ಅಮ್ಮನಿಗೆ ತಿಳಿಸಿದೆ. ಅವರು ಕಿಟಕಿಯ ಕಡೆ ತಿರುಗಿ, "ರೀ, ಸ್ವಲ್ಪ ಬನ್ನಿ ಒಳಗೆ," ಎಂದು ಕೂಗಿದರು.

ಮೇಷ್ಟ್ರು ಬಂದು ಬಾಗಿಲ ಪಕ್ಕ ನಿಂತರು. ಅಮ್ಮ ವೀಣೆ ತೆಗೆದುಕೊಂಡು ಒಂದು ಪುಟ್ಟ ಗೀತೆ ನುಡಿಸತೊಡಗಿದರು, ಕಲಿಯಲು ಕೂತ ಮಕ್ಕಳಿಗೆ ಮೊದಮೊದಲು ಹೇಳಿಕೊಡುವಂಥದು. ಎರಡನೆಯ ಸಾಲಿನಲ್ಲಿ ಅಪಸ್ವರ ಬಂತು. ನಾನು ಬೆಚ್ಚಿದೆ. ಅವರ ಕೈ ತಪ್ಪಿದ್ದನ್ನು ನಾನು ಕಂಡವಳಲ್ಲ.

"ಇಲ್ಲಿ ದಿನಾ ತಪ್ಪೋಳು," ಎಂದರು ಅಮ್ಮ, ತಲೆಯೆತ್ತದೆ. "ತಪ್ಪಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡೋಳು." ಮುಂದಿನ ಸಾಲನ್ನು ಸಿಕ್ಕಾಪಟ್ಟೆ ಬೇಗ ನುಡಿಸಿ, ಕೊನೆಯ ಸ್ವರವನ್ನು ಅರ್ಧಕ್ಕೇ ಬಿಟ್ಟುಬಿಟ್ಟರು. "ಹಸಿವಾಗುತ್ತೆ ಅಂತ ಎದ್ದುಬಿಡೋಳು. ಹೀಗಿತ್ತು ಅವಳ ಕೈ."

ಮೇಷ್ಟ್ರು ಒಳಗೆ ಬಂದು ಚಾಪೆಯ ಮೇಲೆ ಕೂತರು. "ಇನ್ನೊಂದು ಸಲ ನುಡಿಸು," ಎಂದರು. ಅಮ್ಮ ಮೊದಲಿಂದ ಶುರುಮಾಡಿದರು. ಎರಡನೆಯ ಸಾಲು ಬಂದಾಗ ಗಂಡ ಹೆಂಡತಿ ಇಬ್ಬರೂ ಮಗಳ ಆ ತಪ್ಪಿಗಾಗಿ ಕಾದರು.